ಕಳಿ ಬಹಿಷ್ಕಾರದ ಅಧ್ಯಕ್ಷರು

ಮೂರು ರೂಪಾಯಿ ಕೊಟ್ಟು ತಂದ ಗುಲಾಬಿ ಬಣ್ಣದ ಚೀಟಿಯನ್ನು ಎಲ್ಲಿ ಅಡಗಿಸಿಡುವುದೆಂದು ತಿಳಿಯದೆ ಕೊಡೆ ರಿಪೇರಿಯ ವಾಸಪ್ಪ ಬೆಳಿಗ್ಗೆ ಎಂಟರಿಂದ ಚಡಪಡಿಸುತ್ತಿದ್ದ. ಅಂಗಿಯ ಜೇಬಿನಲ್ಲಿಟ್ಟರೆ ಹೊರಗಿನವರಿಗೆ ಕಾಣುತ್ತದೆ. ಮನೆಯಲ್ಲಿಟ್ಟರೆ ಹೆಂಡತಿ ಪ್ರಫುಲ್ಲಾಳಿಗೆ ಕಾಣುತ್ತದೆ. ಕೊನೆಗೆ ಅದನ್ನು ನಾಲ್ಕು ಮಡಿಕೆ ಮಾಡಿ, ಸೊಂಟದಲ್ಲಿದ್ದ ಎಲೆಯಡಿಕೆಯ ಸಂಚಿಯೊಳಗೆ, ಹೊಗೆಸೊಪ್ಪಿನ ಕೆಳಗೆ ತುರುಕಿದ. ಹೊಗೆಸೊಪ್ಪಿನ ವಾಸನೆ ಪ್ರಫುಲ್ಲಾಳಿಗೆ ಆಗದು.

ಚೀಟಿ ಬೇರೇನಲ್ಲ, ಗೋಳಿಯಡ್ಕದ ಫುಟ್‌ಬಾಲ್ ಟೂರ್ನಮೆಂಟಿನ ಸೀಸನ್ ಟಿಕೆಟ್. ಎಡನೀರಿನಿಂದ ಕಾರಡ್ಕಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಈ ಪುಟ್ಟ ಪೇಟೆಗೆ ವರ್ಷದಲ್ಲಿ ಇಪ್ಪತ್ತು ದಿನ ಮಾತ್ರ ಜೀವ ಬರುತ್ತಿತ್ತು. ಅಡ್ಕದ ಬಯಲಿನ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಅಡಿಕೆ ಮರ ಸೀಳಿ ಗ್ಯಾಲರಿ ಮಾಡಿ, ಕಣ್ಣೂರಿನಿಂದಲೂ ಮಂಗಳೂರಿನಿಂದಲೂ ತಂಡಗಳನ್ನು ಊರಿನ ಕ್ಲಬ್ಬಿನವರು ಕರೆಸುತ್ತಿದ್ದರು. ಮಳೆ ನಿಂತ ಮೇಲೆ ಕೊಡೆ ರಿಪೇರಿಯವನಿಗೆ ಕೆಲಸವೆಲ್ಲಿಯದು? ಆ ಇಪ್ಪತ್ತು ದಿನಗಳಿಗಾಗಿಯೇ ವಾಸಪ್ಪ ಉಳಿದ ಮುನ್ನೂರ ನಲವತ್ತೈದು ದಿನ ಬದುಕುತ್ತಿದ್ದ.

ಊರಿನಲ್ಲಿ ಇದನ್ನು ಯಾರೂ ‘ಆಟ’ ಎನ್ನುತ್ತಿರಲಿಲ್ಲ. ಆಟವೆಂದರೆ ಯಕ್ಷಗಾನ. ಫುಟ್‌ಬಾಲಿಗೆ ಕಣ್ಣೂರಿನವರೊಂದಿಗೆ ಬಂದ ಮಲಯಾಳದ ‘ಕಳಿ’ ಎಂಬ ಮಾತೇ ನಿಂತುಬಿಟ್ಟಿತ್ತು. ಈ ಒಂದು ಮಾತು ಮುಂದೆ ಏನು ಮಾಡಲಿದೆಯೆಂದು ಗೊತ್ತಿದ್ದರೆ ವಾಸಪ್ಪ ಆ ದಿನ ಬಾಯಿಯನ್ನೇ ತೆರೆಯುತ್ತಿರಲಿಲ್ಲ.

ಉಗ್ಗಪ್ಪನ ಹೋಟೆಲಿಗೆ ಚಾ ಕುಡಿಯಲು ಹೋದರೆ ಅಲ್ಲಿ ಬೆಂಚಿನ ಮೇಲೆ ಕುಳಿತವರು ಒಬ್ಬರೂ ಇಲ್ಲ, ಎಲ್ಲರೂ ನಿಂತಿದ್ದರು.

“ಒಂದೂವರೆ ಇದ್ದದ್ದು ಒಮ್ಮೆಗೇ ಮೂರು!” ಉಗ್ಗಪ್ಪ ಸೌಟು ಎತ್ತಿ ಕೂಗುತ್ತಿದ್ದ. “ಇವರು ಎಂತ, ಚಿನ್ನದ ಚೆಂಡಿನಲ್ಲಿ ಕಳಿ ಮಾಡಿಸ್ತಾರಾ?”

“ಗ್ಯಾಲರಿಯ ಅಡಿಕೆ ಮರ ಹೋದ ವರ್ಷದ್ದೇ. ಅದರ ಸಿಬಿರು ನನ್ನ ತೊಡೆಯಲ್ಲಿ ಈಗಲೂ ಉಂಟು,” ಎಂದ ಕ್ಷೌರದಂಗಡಿಯ ಕುಂಞ.

“ಒಬ್ಬನೂ ಟಿಕೆಟ್ ತೆಗೀಲಿಕ್ಕಿಲ್ಲ. ಕಾಗೆಗಳನ್ನು ಕೂರಿಸಿ ಕಳಿ ಆಡಿಸ್ಲಿ,” ಎಂದ ರೇಷನ್ ಅಂಗಡಿಯಲ್ಲಿ ತೂಗುವ ಕಿಟ್ಟಣ್ಣ.

ವಾಸಪ್ಪನ ಕೈ ಸಂಚಿಯ ಮೇಲೆ ಹೋಯಿತು. ಸುಮ್ಮನೆ ನಿಂತರೆ ಮುಖ ನೋಡಿಯೇ ಹಿಡಿಯುತ್ತಾರೆಂದು ಹೆದರಿ, ಅಲ್ಲಿದ್ದ ಎಲ್ಲರಿಗಿಂತ ಜೋರಾಗಿ ಬೊಬ್ಬೆ ಹಾಕಿದ.

“ತೆಗೆದವನ ಕೈ ಕಡೀಬೇಕು!”

ಅಷ್ಟು ದೂರ ಯಾರೂ ಯೋಚಿಸಿರಲಿಲ್ಲ. ಕುಂಞ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಕೈ ಗೀ ಎಲ್ಲ ಬೇಡ ಮಾರಾಯ,” ಉಗ್ಗಪ್ಪ ಗಂಟಲು ಸರಿಮಾಡಿಕೊಂಡ. “ಯಾರಲ್ಲಿ ಟಿಕೆಟ್ ಸಿಕ್ತದೋ ಅವನಿಗೆ ಒಂದು ವರ್ಷ ಇಲ್ಲಿ ಚಾ ಇಲ್ಲ, ಕುಂಞನ ಹತ್ರ ಕ್ಷೌರ ಇಲ್ಲ, ಕಿಟ್ಟಣ್ಣ ಅವನಿಗೆ ಸರಿಯಾಗಿ ತೂಗುದಿಲ್ಲ. ಸಾಕಲ್ವಾ?”

“ಈಗ ಸರಿಯಾಗಿ ತೂಗ್ತಾನಾ?” ಎಂದು ಹಿಂದಿನಿಂದ ಯಾರೋ ಕೇಳಿದರು. ಅವರನ್ನು ಸುಮ್ಮನಿರಿಸಲಾಯಿತು.

ಬಹಿಷ್ಕಾರವೆಂದ ಮೇಲೆ ಅದಕ್ಕೊಬ್ಬ ಅಧ್ಯಕ್ಷ ಬೇಕು. “ವಾಸಪ್ಪಣ್ಣನೇ ಆಗ್ಲಿ. ಅಷ್ಟು ಬಿಸಿ ನಮ್ಮಲ್ಲಿ ಯಾರಿಗೂ ಇಲ್ಲ,” ಎಂದ ಕಿಟ್ಟಣ್ಣ. ಉಗ್ಗಪ್ಪ, ಕುಂಞ ಸೇರಿ ಮೂವರೂ ಕೈ ಎತ್ತಿದರು. ಬೇಡವೆನ್ನಲು ವಾಸಪ್ಪ ಬಾಯಿ ತೆರೆಯುವಷ್ಟರಲ್ಲಿ ಆ ಬಾಯಿಗೆ ಉಗ್ಗಪ್ಪ ಪುಕ್ಕಟೆ ಬನ್ನು ಇಟ್ಟ. ಮಧ್ಯಾಹ್ನದ ಬಸ್ಸಿನಲ್ಲಿ ಹೊರಗಿನಿಂದ ಬರುವವರನ್ನು ಅಧ್ಯಕ್ಷರು ತಡೆಯಬೇಕು, ಸಂಜೆ ಗೇಟಿಗೆ ಅಡ್ಡ ನಿಲ್ಲಬೇಕು ಎಂದು ನಿಶ್ಚಯವಾಯಿತು.

ವಾಸಪ್ಪನಿಗೆ ಈಗ ಉಳಿದದ್ದು ಒಂದೇ ದಾರಿ. ಟಿಕೆಟನ್ನು ಯಾರಿಗೂ ತಿಳಿಯದಂತೆ ಹಿಂದಿರುಗಿಸಬೇಕು. ಕಳಿ ಹೋದರೆ ಹೋಗಲಿ, ಮಾನ ಉಳಿಯಲಿ ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡು, ನೀರಿನ ತೋಡಿನ ಬದಿಯಿಂದ ಸುತ್ತಿ ಬಳಸಿ ಅಡ್ಕಕ್ಕೆ ಬಂದ. ಟಿಕೆಟ್ ಕೊಡುವ ಗುಣಪಾಲ ತಟ್ಟಿಯ ನೆರಳಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ.

“ಗುಣಪಾಲಣ್ಣ, ದಮ್ಮಯ್ಯ, ಒಂದು ಉಪಕಾರ ಆಗ್ಬೇಕು…”

“ಯಾರು? ವಾಸಪ್ಪಣ್ಣನಾ? ಎಂತ ಇಲ್ಲಿ?” ಹಿಂದಿನಿಂದ ಕುಂಞನ ದನಿ ಬಂತು. ಅವನೇಕೆ ಆ ಹೊತ್ತಿಗೆ ಅಲ್ಲಿ ಸುಳಿದಾಡುತ್ತಿದ್ದನೋ ಕೇಳುವಷ್ಟು ವ್ಯವಧಾನ ವಾಸಪ್ಪನಿಗಿರಲಿಲ್ಲ.

“ಎಂತ ಅಂದ್ರೆ? ಬೈಲಿಕ್ಕೆ ಬಂದದ್ದು!” ಎಂದವನೇ ಮೇಜು ಗುದ್ದಿದ. “ಎಂತ ಗುಣಪಾಲ, ನಾಚಿಕೆ ಆಗುದಿಲ್ವಾ ನಿಮಗೆ?”

ಗುಣಪಾಲ ಕಣ್ಣು ಕಣ್ಣು ಬಿಟ್ಟ. “ಅಲ್ಲ, ನೀವು ಬೆಳಿಗ್ಗೆ…”

“ಬೆಳಿಗ್ಗೆ ಅಲ್ಲ, ಮಧ್ಯಾಹ್ನವೂ ಬೈತೇನೆ!”

“ನೀವೇ ಅಲ್ವಾ ಮೊದಲು…”

“ಮೊದಲೂ ಬೈತೇನೆ, ಕೊನೆಗೂ ಬೈತೇನೆ! ಈ ವಾಸಪ್ಪ ನಿಮ್ಮ ಟಿಕೆಟ್ ಮುಟ್ಟಿದವನಲ್ಲ, ಮುಟ್ಟುವವನೂ ಅಲ್ಲ! ಕುಂಞ ಸಾಕ್ಷಿ!”

ಗುಣಪಾಲನಿಗೂ ಮಾನಮರ್ಯಾದೆ ಉಂಟಲ್ಲ. ಅವನ ಮುಖ ಕೆಂಪಾಯಿತು. “ಆಯ್ತು. ಮುಟ್ಟಿಲ್ಲ ಅಂತ ನೀವೇ ಹೇಳಿದ್ದು, ನೆನಪಿರ್ಲಿ,” ಎಂದ. ಕುಂಞ ಅಧ್ಯಕ್ಷರ ಬೆನ್ನು ತಟ್ಟಿ ಬಸ್ಸು ನಿಲ್ಲುವಲ್ಲಿಗೆ ಎಳೆದುಕೊಂಡು ಹೋದ.

ಬಸ್ಸು ಬಂದಾಗ ಎರಡು ಗಂಟೆ. ಇಳಿದವರೆಲ್ಲ ಟೂರ್ನಮೆಂಟಿಗೇ ಬಂದವರು. ಆ ದಿನ ಕಣ್ಣೂರಿನ ಬಲವಾದ ತಂಡಕ್ಕೂ ಗೋಳಿಯಡ್ಕಕ್ಕೂ ಮೊದಲ ಪಂದ್ಯ. ವಾಸಪ್ಪ ಒಬ್ಬೊಬ್ಬರನ್ನೇ ಗೋಳಿಮರದ ಬುಡಕ್ಕೆ ಕರೆದು, ತಗ್ಗಿದ ದನಿಯಲ್ಲಿ ಹೇಳತೊಡಗಿದ. ಜೋರಾಗಿ ಹೇಳಲು ಬೆಳಗಿನ ಬೊಬ್ಬೆಯಲ್ಲಿ ಗಂಟಲು ಬಿದ್ದುಹೋಗಿತ್ತು.

“ಕಳಿಗೆ ರೇಟು ಡಬ್ಬಲ್ ಮಾಡಿದ್ದಾರೆ. ಈ ಸರ್ತಿ ಯಾರೂ ಕಳಿಗೆ ಹೋಗ್ಬೇಡಿ. ಅವರಿಗೆ ಬುದ್ಧಿ ಬರ್ಲಿ. ರೇಟು ಇಳಿದ ಮೇಲೆ ಎಲ್ಲ ಸೇರಿ ಗಮ್ಮತ್ತು ಮಾಡುವ.”

ಮರದ ಆಚೆ ಬದಿಯಲ್ಲಿ ಪೊಲೀಸ್ ಮಹೇಶ್ವರ ನಿಂತಿದ್ದ. ಕಾರ್ಕಳದ ಕಡೆಯವನು, ಹೊರಠಾಣೆಗೆ ಬಂದು ಒಂದು ವಾರವೂ ಆಗಿರಲಿಲ್ಲ. ಆಗ ಈ ಕಡೆಯನ್ನೂ ಆಳುತ್ತಿದ್ದ ಮದ್ರಾಸು ಸರಕಾರ ಕಳ್ಳು, ಸಾರಾಯಿ ನಿಲ್ಲಿಸಿ ಎರಡು ವರ್ಷ ದಾಟಿದ್ದರೂ ಅವನ ಕೈಗೆ ಒಂದು ಕೇಸೂ ಸಿಕ್ಕಿರಲಿಲ್ಲ. ಅವನ ಮನೆಮಾತು ತುಳು. ತುಳುವಿನಲ್ಲಿ ಕಳ್ಳಿಗೆ ‘ಕಲಿ’ ಎನ್ನುತ್ತಾರೆ. ಗಂಟಲು ಬಿದ್ದ ವಾಸಪ್ಪನ ‘ಕಳಿ’ ಮಹೇಶ್ವರನ ಕಿವಿಗೆ ತಲುಪುವಾಗ ‘ಕಲಿ’ಯಾಗಿತ್ತು. ಹಾಡಹಗಲು, ಬಸ್ಸಿನ ಬಾಗಿಲಲ್ಲಿ, ಕಳ್ಳಿನ ರೇಟು ಮಾತಾಡುತ್ತಿದ್ದಾನೆ! ಮಹೇಶ್ವರ ವಾಸಪ್ಪನ ರಟ್ಟೆ ಹಿಡಿದ.

ಹೊರಠಾಣೆಯೆಂದರೆ ಒಂದು ಕೋಣೆ, ಒಂದು ಕಿಟಕಿ. ಕಿಟಕಿಯಲ್ಲಿ ಉಗ್ಗಪ್ಪ, ಕುಂಞ, ಕಿಟ್ಟಣ್ಣ ಮೂರು ಮುಖಗಳು ಒತ್ತಿಕೊಂಡು ನಿಂತವು. ಅಧ್ಯಕ್ಷರನ್ನು ಚಳವಳಿಗಾಗಿಯೇ ಹಿಡಿದದ್ದೆಂದು ಅವರು ತಿಳಿದಿದ್ದರು. ವಾಸಪ್ಪನೂ ಹಾಗೆಯೇ ತಿಳಿದಿದ್ದ.

“ಕಲಿ ಎಲ್ಲಿ ನಡೀತದೆ?” ಮಹೇಶ್ವರ ಪುಸ್ತಕ ಬಿಡಿಸಿದ.

“ಅಡ್ಕದಲ್ಲಿ ಸ್ವಾಮಿ. ತಟ್ಟಿಯ ಒಳಗೆ.”

“ತಟ್ಟಿ ಬೇರೆ ಕಟ್ಟಿದ್ದೀರಾ! ಎಷ್ಟು ಜನ?”

“ಆಚೆ ಹನ್ನೊಂದು, ಈಚೆ ಹನ್ನೊಂದು. ನೋಡುವವರು ಸಾವಿರ.”

“ನೋಡ್ಲಿಕ್ಕೆ ಸಾವಿರ!” ಮಹೇಶ್ವರ ಮೂರು ಸೊನ್ನೆಯನ್ನೂ ಎಣಿಸಿ ಬರೆದ. “ಎಷ್ಟು ಹೊತ್ತು?”

“ನಾಲ್ಕೂವರೆಗೆ ಶುರು. ನಡುವೆ ಹತ್ತು ನಿಮಿಷ ರೆಸ್ಟ್. ಆಗ ಎಲ್ಲರೂ ಲಿಂಬೆ ಹೋಳು ಚೀಪುದು.”

“ಮುಗಿದ ಮೇಲೆ?”

“ಹೆಚ್ಚಿನವರು ನಡ್ಕೊಂಡೇ ಹೋಗ್ತಾರೆ. ಒಬ್ಬಿಬ್ಬರನ್ನು ಎತ್ತಿಕೊಂಡು ಹೋಗ್ಬೇಕಾಗ್ತದೆ.”

“ಪೊಲೀಸರಿಗೆ ಗೊತ್ತಿಲ್ವಾ ಇದೆಲ್ಲ?”

“ಗೊತ್ತಿಲ್ಲದೆ ಎಂತ? ಹೋದ ವರ್ಷ ನಿಮ್ಮ ಇನ್‌ಸ್ಪೆಕ್ಟರ ಕಳಿ ನೋಡಿ ಊರಿಗೆ ಊರೇ ಚಪ್ಪಾಳೆ ತಟ್ಟಿದೆ.”

ಮಹೇಶ್ವರ ಎದ್ದು ನಿಂತ. “ಇನ್‌ಸ್ಪೆಕ್ಟರು ಕಲಿ ಕುಡೀತಾರೆ ಅಂತೀಯಾ?”

ಆಗ ಕಿಟಕಿಯವರಿಗೆ ಬೆಳಕಾಯಿತು. ಮೂವರೂ ಒಟ್ಟಿಗೇ ಕೂಗಿದರು. “ಕುಡಿಯುವ ಕಲಿ ಅಲ್ಲ ಸ್ವಾಮಿ! ಒದೆಯುವ ಕಳಿ! ಫುಟ್‌ಬಾಲು!”

“ಒದೆ ಆಮೇಲೆ ಕೊಡ್ತೇನೆ,” ಎಂದ ಮಹೇಶ್ವರ. “ಫುಟ್‌ಬಾಲು ಅಂತ ರುಜುವಾತು ಎಂತ ಉಂಟು? ರೇಟು ಅಂತ ಹೇಳ್ತಿದ್ದೆಯಲ್ಲ, ಫುಟ್‌ಬಾಲಾದ್ರೆ ಟಿಕೆಟು ಇರ್ಬೇಕು, ಎಲ್ಲಿ, ತೋರ್ಸು. ಈಗಲೇ ಬಿಡ್ತೇನೆ.”

“ಅವನಲ್ಲಿ ಟಿಕೆಟು ಎಲ್ಲಿಂದ ಬರ್ಬೇಕು? ಅವ ನಮ್ಮ ಅಧ್ಯಕ್ಷ!” ಎಂದು ಉಗ್ಗಪ್ಪ ಹೆಮ್ಮೆಯಿಂದ ಹೇಳಿದ.

“ನಿಮ್ಮಲ್ಲಿ ಉಂಟಾ?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಛೆ, ನಮ್ಮಲ್ಲಿ ಎಂತದ್ದು,” ಎಂದ ಕಿಟ್ಟಣ್ಣ.

ಕೈ ಹಾಕಿದರೆ ಸಿಗುವಷ್ಟು ಹತ್ತಿರದಲ್ಲಿ ವಾಸಪ್ಪನ ಬಿಡುಗಡೆ ಮಡಿಚಿಕೊಂಡು ಕೂತಿತ್ತು. ತೆಗೆದು ತೋರಿಸಿದರೆ ಠಾಣೆಯಿಂದ ಬಿಡುತ್ತಾರೆ, ಆದರೆ ಊರಿನವರು ಬಿಡುವುದಿಲ್ಲ. ತೋರಿಸದಿದ್ದರೆ ಕಳ್ಳು ಮಾರುವವನೆಂದು ಹೆಸರು ಬರುತ್ತದೆ. ಅಷ್ಟರಲ್ಲಿ ಮಹೇಶ್ವರನ ಕಣ್ಣು ಅವನ ಸೊಂಟಕ್ಕೆ ಬಿತ್ತು.

“ಆ ಸಂಚಿಯಲ್ಲಿ ಎಂತ? ಬಿಚ್ಚು.”

“ಎಲೆಯಡಿಕೆ ಸ್ವಾಮಿ,” ವಾಸಪ್ಪ ಸಂಚಿಯ ಬಾಯಿಯನ್ನು ತನ್ನ ಕಡೆಗೇ ತಿರುಗಿಸಿ ಬಿಚ್ಚಿದ. “ದಮ್ಮಯ್ಯ, ಒಂದು ಸಲ ಹಾಕಿಕೊಳ್ತೇನೆ. ಬೆಳಿಗ್ಗೆಯಿಂದ ಹಾಕಿಲ್ಲ, ತಲೆ ತಿರುಗ್ತದೆ.”

ಎಂಥ ಪೊಲೀಸನೂ ಎಲೆಯಡಿಕೆ ಬೇಡವೆನ್ನುವ ಊರಲ್ಲ ಅದು. ವಾಸಪ್ಪ ಎಲೆಗೆ ಸುಣ್ಣ ಸವರಿದ, ಅಡಿಕೆ ಇಟ್ಟ, ಹೊಗೆಸೊಪ್ಪಿನೊಂದಿಗೆ ಇಪ್ಪತ್ತು ದಿನದ ಸೀಸನ್ನನ್ನೂ ಇಟ್ಟು ಮಡಿಚಿ ಬಾಯಿಗೆ ತುರುಕಿದ. ಅಗಿದ. ಚೀಟಿ ಒಳ್ಳೆ ಕಾಗದದ್ದು, ಬೇಗ ಸೋಲಲಿಲ್ಲ. ಕಣ್ಣಲ್ಲಿ ನೀರು ಬಂತು. ದುಃಖದ್ದೋ ಸುಣ್ಣದ್ದೋ ಅವನಿಗೇ ತಿಳಿಯಲಿಲ್ಲ. ಉಗುಳಿದರೆ ಬಣ್ಣ ಹೇಳಿಬಿಟ್ಟೀತೆಂದು ಎಲ್ಲವನ್ನೂ ನುಂಗಿದ.

ಮಹೇಶ್ವರ ಸಂಚಿಯನ್ನು ಕೊಡವಿ ನೋಡಿದ. ನಾಲ್ಕು ಅಡಿಕೆ ಬಿದ್ದವು.

“ನಮ್ಮ ಅಧ್ಯಕ್ಷರು ಅಪ್ಪಟ ಚಿನ್ನ!” ಎಂದು ಕಿಟಕಿಯಲ್ಲಿ ಜೈಕಾರವಾಯಿತು. ಇನ್‌ಸ್ಪೆಕ್ಟರನ್ನು ಕರೆತರುತ್ತೇವೆಂದು ಹೇಳಿ ಮೂವರೂ ಓಡಿದರು.

ಇನ್‌ಸ್ಪೆಕ್ಟರ್ ಗೌರೀಶಂಕರ ಬಂದಾಗ ಐದು ಗಂಟೆ ದಾಟಿತ್ತು. ಅಷ್ಟು ಹೊತ್ತೂ ವಾಸಪ್ಪ ಅಡ್ಕದ ಕಡೆಯಿಂದ ಬರುವ ಒಂದೊಂದು ಸದ್ದಿಗೂ ಬೆಂಚಿನಿಂದ ಏಳುವುದು, ಮಹೇಶ್ವರ ಕೂರಿಸುವುದು ನಡೆದಿತ್ತು. ವಿಷಯ ಕೇಳಿ ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದು ನಕ್ಕರು.

“ಮಹೇಶ್ವರ, ಇಲ್ಲಿ ಕಳಿ ಅಂದ್ರೆ ಫುಟ್‌ಬಾಲ್ ಮಾರಾಯ. ಬಿಡು ಅವರನ್ನು. ವಾಸಪ್ಪನವರೇ, ನೀವು ಗೆದ್ದಿರಿ! ಅಧ್ಯಕ್ಷರನ್ನು ಪೊಲೀಸ್ ಹಿಡಿದರು ಅಂತ ಗೊತ್ತಾದ ಕೂಡಲೇ ಜನ ಗೇಟಿನಲ್ಲಿ ಗಲಾಟೆ ಮಾಡಿದರು. ಕ್ಲಬ್ಬಿನವರು ಹೆದರಿ ರೇಟು ಹಿಂದಿನಷ್ಟೇ ಮಾಡಿದ್ದಾರೆ. ಗ್ಯಾಲರಿ ಭರ್ತಿ, ಟಿಕೆಟ್ ಒಂದೂ ಉಳಿದಿಲ್ಲ.”

“ಮತ್ತೆ… ಮೊದಲೇ ಮೂರು ಕೊಟ್ಟವರು?” ವಾಸಪ್ಪ ಖಾಲಿ ಸಂಚಿಯನ್ನು ಸವರಿದ.

“ಅವರಿಗೆ ನಷ್ಟ ಆಗ್ಬಾರ್ದಲ್ಲ. ಗುಲಾಬಿ ಚೀಟಿ ತೋರಿಸಿದವರಿಗೆ ಇಪ್ಪತ್ತು ದಿನವೂ ಮುಂದಿನ ಸಾಲಿನಲ್ಲಿ ಕುರ್ಚಿ. ನಡುವೆ ಸೋಡವೂ ಉಂಟಂತೆ.”

ವಾಸಪ್ಪ ಓಡಿದ. ಗೇಟಿನಲ್ಲಿ ಗುಣಪಾಲ ಕೈ ಅಡ್ಡ ಹಿಡಿದ.

“ಚೀಟಿ ಎಲ್ಲಿ?”

“ತಿಂದೆ!” ವಾಸಪ್ಪ ಕೆಂಪು ಬಾಯಿ ತೆರೆದು ತೋರಿಸಿದ. “ಬೆಳಿಗ್ಗೆ ನಿಮ್ಮ ಕೈಯಿಂದಲೇ ತೆಗೊಂಡದ್ದಲ್ವಾ ಗುಣಪಾಲಣ್ಣ! ಇವತ್ತಿನ ಮೊದಲನೇ ಟಿಕೆಟು ನನ್ನದೇ!”

“ಟಿಕೆಟ್ ಮುಟ್ಟಿದವನೇ ಅಲ್ಲ ಅಂತ ನೀವೇ ಅಲ್ವಾ ಮೇಜು ಗುದ್ದಿ ಹೇಳಿದ್ದು? ಕುಂಞ ಸಾಕ್ಷಿ. ಬೇಕಾದರೆ ಅವನನ್ನೇ ಕೇಳಿ, ಒಳಗೆ ಇದ್ದಾನೆ.”

ಒಳಗಾ? ವಾಸಪ್ಪ ತಟ್ಟಿಯ ಸುತ್ತ ಹೋಗಿ ಒಂದು ಸಂದಿಗೆ ಕಣ್ಣಿಟ್ಟ. ಮುಂದಿನ ಸಾಲಿನಲ್ಲಿ ಮೂರು ಕುರ್ಚಿ. ಉಗ್ಗಪ್ಪ, ಕುಂಞ, ಕಿಟ್ಟಣ್ಣ. ಮೂವರ ಕೈಯಲ್ಲೂ ಸೋಡ, ಮೂವರ ಜೇಬಿನಲ್ಲೂ ಗುಲಾಬಿ ಬಣ್ಣ.

“ದ್ರೋಹಿಗಳಾ!” ಎಂದು ಸಂದಿಯಿಂದಲೇ ಕೂಗಿದ. “ನೀವು ಯಾವಾಗ ತೆಗೆದದ್ದು?”

“ನಿನ್ನೆಯೇ,” ಉಗ್ಗಪ್ಪ ಹತ್ತಿರ ಬಂದು ಪಿಸುಗುಟ್ಟಿದ. “ಕೋಪ ಮಾಡ್ಬೇಡ ವಾಸಪ್ಪಣ್ಣ. ನಾವು ಮೂವರೂ ತೆಗೆದಾಗಿತ್ತು. ಒಬ್ಬನಾದರೂ ತೆಗೆಯದವ ಬೇಕಲ್ಲ ಅಂತಲೇ ನಿನ್ನನ್ನು ಅಧ್ಯಕ್ಷ ಮಾಡಿದ್ದು. ಕೈ ಕಡೀಬೇಕು ಅಂದೆಯಲ್ಲ, ಆಗಲೇ ಗೊತ್ತಾಯ್ತು, ನಿನ್ನಲ್ಲಿ ಇಲ್ಲ ಅಂತ.”

“ನನ್ನಲ್ಲೂ ಇತ್ತು ಮಾರಾಯಾ!”

ಆ ಮಾತು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಗೋಲು ಕೂಗುವ ತಗಡಿನ ಕಹಳೆಗೆ ಬಾಯಿಟ್ಟು ಕಿಟ್ಟಣ್ಣ ಘೋಷಿಸಿದ್ದ: “ಕೊನೆಯವರೆಗೂ ಟಿಕೆಟ್ ಮುಟ್ಟದ ನಮ್ಮ ಅಧ್ಯಕ್ಷರು ತಟ್ಟಿಯ ಹೊರಗೆ ನಿಂತಿದ್ದಾರೆ, ಒಮ್ಮೆ ಜೋರಾಗಿ ಚಪ್ಪಾಳೆ!” ಸಾವಿರ ಜನ ಚಪ್ಪಾಳೆ ತಟ್ಟಿದರು. ಅದು ನಿಲ್ಲುವ ಮೊದಲೇ ಅಡ್ಕವಿಡೀ ‘ಗೋಲ್’ ಎಂದು ಹಾರಿ ಕುಣಿಯಿತು. ಮುಂದಿನ ಸಾಲಿನವರು ಕುರ್ಚಿಯ ಮೇಲೆ ಹತ್ತಿ ನಿಂತರು. ಕುಂಞನ ಬೆನ್ನು ಸಂದಿಗೆ ಅಡ್ಡವಾಯಿತು.

“ಯಾರ ಗೋಲು? ಕುಂಞ, ಯಾರ ಗೋಲು?” ಎಂದು ವಾಸಪ್ಪ ತಟ್ಟಿ ಅಲ್ಲಾಡಿಸಿ ಕೇಳುತ್ತಲೇ ಇದ್ದ. ಒಳಗೆ ಯಾರಿಗೂ ಪುರುಸೊತ್ತಿರಲಿಲ್ಲ.