ಮುಂದಿನ ಸ್ಕೂಟರು, ಹಿಂದಿನ ಸ್ಕೂಟರು

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಅತ್ತೆ ಕಂಡರೆ. ನನಗೆ ಖಾಲಿ ರಸ್ತೆ ಕಂಡರೆ ಭಯ. ಖಾಲಿ ಎಂದರೆ ವಾಹನವಿಲ್ಲದ್ದಲ್ಲ. ಅಹಮದಾಬಾದಿನಲ್ಲಿ ಅಂಥದ್ದು ಎಲ್ಲಿ ಬಂತು? ಮುಂದೆ ನಮ್ಮವರ ಸ್ಕೂಟರಿಲ್ಲದ ರಸ್ತೆ. ಹತ್ತೊಂಬತ್ತು ವರ್ಷ ಸ್ಕೂಟರು ಓಡಿಸಿದ್ದೇನೆಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ಓಡಿಸಿದ್ದು ಅವರು. ನಾನು ಹಿಂದಿನಿಂದ ನಕಲು ಮಾಡಿದೆ. ಅವರು ಬ್ರೇಕ್ ಹಾಕಿದರೆ ಬ್ರೇಕ್, ತಿರುಗಿದರೆ ತಿರುವು. ಇಬ್ಬರಿಗೂ ಒಂದೇ ಸ್ಕೂಟರು ಸಾಕಿತ್ತು. ಆದರೆ ನಾನು ಹಿಂದೆ ಕೂತರೆ ನನ್ನೊಡನೆ ಮಾತಾಡಲು ಅವರು ಪೂರ್ತಿ ಹಿಂತಿರುಗುತ್ತಿದ್ದರು. ಜೀವದಾಸೆಯಿಂದ ನನಗೊಂದು ಬೇರೆ ಕೊಂಡೆವು.

ಅವರ ಕೆಲಸವೂ ಇಂಥದೇ ಜೋಡಿಯದು. ಆಕಾಶದಲ್ಲಿ ಎರಡು ಉಪಗ್ರಹ, ಒಂದರ ಹಿಂದೆ ಒಂದು. ಕೆಳಗೆ ಭೂಮಿ ಎಲ್ಲಿ ಹೆಚ್ಚು ಭಾರವೋ ಅಲ್ಲಿ ಮುಂದಿನದನ್ನು ಮೊದಲು ಎಳೆಯುತ್ತದೆ, ನಡುವಿನ ಅಂತರ ಹೆಚ್ಚುತ್ತದೆ. ನೀರು ಬತ್ತಿದ ನೆಲ ಹಗುರ. ಕೂದಲೆಳೆಗಿಂತ ಸಣ್ಣ ಆ ವ್ಯತ್ಯಾಸ ಅಳೆದು ಎಲ್ಲಿ ಅಂತರ್ಜಲ ಬತ್ತಿದೆ ಎಂದು ಹೇಳುತ್ತಾರಂತೆ.

"ಫಾಫಡಾ ತಿಂಡಿ ಅಂಗಡಿ ಹತ್ತಿರ ಬಂದ್ರೆ ನಾನು ಜೋರಾಗಿ ಹೋಗ್ತೀನಲ್ಲ? ನೀನು ಹಿಂದೆ ಉಳೀತೀಯ. ಆ ಅಂತರ ಅಳೆದ್ರೆ ಅಂಗಡಿ ಎಲ್ಲಿದೆ ಅಂತ ಗೊತ್ತಾಗುತ್ತೆ ಕಣೇ."

"ಅದಕ್ಕೆ ಅಳತೆ ಯಾಕ್ರೀ, ನಿಮ್ಮ ಹೊಟ್ಟೆ ನೋಡಿದ್ರೆ ಸಾಲದಾ?"

ಕಷ್ಟವೊಂದಿತ್ತು. ಅಷ್ಟೆತ್ತರದಲ್ಲೂ ತೆಳುಗಾಳಿ ಉಪಗ್ರಹಗಳನ್ನು ಅಲ್ಲಾಡಿಸುತ್ತದೆ. ಆ ಅಲುಗಾಟ ಅಳೆದು ಲೆಕ್ಕದಿಂದ ಕಳೆಯಲು ಎರಡರಲ್ಲೂ ಒಂದೊಂದು ಉಪಕರಣ. ಒಂದರದ್ದು ಕೆಟ್ಟಿತ್ತು. ಇನ್ನೊಂದು ಅರ್ಧ ನಿಮಿಷದ ಅಂತರದಲ್ಲಿ ಅದೇ ಜಾಗ ದಾಟುತ್ತದಲ್ಲ, ಅದರ ಅಲುಗಾಟ ನೋಡಿ ಇದರದ್ದನ್ನು ಊಹಿಸಬೇಕು.

"ಪಕ್ಕದ್ಮನೆ ಹುಳಿ ತಂದು ಸಾರು ಮಾಡಿದ ಹಾಗೆ," ಎಂದೆ.

"ಹೌದು. ರುಚಿ ಸರಿಮಾಡೋದೇ ನನ್ನ ಕೆಲಸ."

ರುಚಿ ಸರಿಯಾಗುವ ಮೊದಲೇ, ಒಂದು ಬೆಳಿಗ್ಗೆ ಶೂ ಲೇಸು ಕಟ್ಟುತ್ತ ಬಗ್ಗಿದವರು ಏಳಲಿಲ್ಲ.

ವಡೋದರಾದ ಮಗಳು ನಾಲ್ಕು ತಿಂಗಳು ಸುಮ್ಮನಿದ್ದಳು. ಆಮೇಲೆ ಫೋನು. "ಅಮ್ಮಾ, ನೀನು ಮನೆಯಿಂದ ಹೊರಗೇ ಹೋಗಲ್ಲ. ಈ ಸಂಡೇ ಒಳಗೆ ಸ್ಕೂಟರ್ ಒಬ್ಬಳೇ ಓಡಿಸಿ ತೋರಿಸು. ಇಲ್ಲಾಂದ್ರೆ ಮನೆ ಬಂದ್, ನೀನು ಇಲ್ಲಿ. ಅಷ್ಟೇ." ಈ ಮನೆಯ ಮೊಳೆಯಲ್ಲಿ ಅವರ ಹೆಲ್ಮೆಟ್ಟು ಇನ್ನೂ ತೂಗುತ್ತಿದೆ. ಬಿಟ್ಟು ಎಲ್ಲಿಗೆ ಹೋಗಲಿ?

ಶನಿವಾರ, ಅವರು ತಂದಿದ್ದ ಲೈಬ್ರರಿ ಪುಸ್ತಕವನ್ನು ಹಿಂತಿರುಗಿಸಲೆಂದು ಚೀಲಕ್ಕೆ ಹಾಕಿ ಹೊರಟೆ. ಸ್ಕೂಟರು ಎಷ್ಟು ಅಲ್ಲಾಡುತ್ತಿತ್ತೆಂದರೆ ಹ್ಯಾಂಡಲ್ಲೇ ನನ್ನನ್ನು ಹಿಡಿದುಕೊಂಡಿತ್ತು. ಸರ್ಕಲ್ಲಿನಲ್ಲಿ ಕಂಡಿತು: ಬೂದು ಹೆಲ್ಮೆಟ್, ಬಿಳಿ ಷರ್ಟು, ಸ್ವಲ್ಪ ಎಡಕ್ಕೆ ವಾಲಿದ ಭುಜ. ಅವರಲ್ಲವೆಂದು ನನಗೆ ಗೊತ್ತಿತ್ತು. ನನ್ನ ಸ್ಕೂಟರಿಗೆ ಗೊತ್ತಿರಲಿಲ್ಲ. ನಮ್ಮ ಅಂತರ ಕಾಯ್ದುಕೊಂಡು ಹಿಂಬಾಲಿಸಿತು. ಅವರು ಬ್ರೇಕ್ ಹಾಕಿದರು, ನಾನೂ ಹಾಕಿದೆ. ಅಲುಗಾಟ ನಿಂತಿತು. ಅವರು ಒಂದು ಹೌಸಿಂಗ್ ಸೊಸೈಟಿಯ ಗೇಟಿನೊಳಗೆ ಹೋದರು, ನಾನೂ ಹೋದೆ.

ಹೆಲ್ಮೆಟ್ ತೆಗೆದರೆ ಎಪ್ಪತ್ತು ದಾಟಿದ ಗುಜರಾತಿ ಕಾಕಾ. "ಶು ಕಾಮ್ ಛೇ, ಬೆನ್?" ಏನು ಕೆಲಸ ತಂಗಿ, ಎಂದರು. ಮೇಲಿನ ಬಾಲ್ಕನಿಯಿಂದ ಅವರ ಹೆಂಡತಿಯೂ ಕೇಳಿದರು, ಸ್ವಲ್ಪ ಜೋರಾಗಿಯೇ. ನಾನು ಅತ್ತುಬಿಟ್ಟೆ. ಕೂರಿಸಿ ನೀರು ಕೊಟ್ಟರು. ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಕಾಕಿ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ನಲವತ್ತು ವರ್ಷದಲ್ಲಿ ಇವರ ಹಿಂದೆ ಒಬ್ಬಳಾದರೂ ಬಂದಳಲ್ಲ!" ಎಂದರು.

"ನಡೀರಿ, ಮನೆವರೆಗೆ ನಾನು ಮುಂದೆ ಹೋಗ್ತೀನಿ," ಎಂದರು ಕಾಕಾ.

ಹೂಂ ಅನ್ನಲು ಬಾಯಿ ತೆರೆದೆ. ನಾಳೆ ಯಾರ ಹಿಂದೆ ಹೋಗುವುದು ಎಂಬ ಯೋಚನೆ ಬಂತು. "ಬೇಡ," ಎಂದು ಹೊರಟೇಬಿಟ್ಟೆ. ಈ ರಸ್ತೆಯನ್ನು ಅರ್ಧ ನಿಮಿಷ ಮೊದಲು ನಮ್ಮವರು ದಾಟಿದ್ದಾರೆ ಎಂದುಕೊಂಡೆ. ಎಲ್ಲಿ ನಿಧಾನಿಸುತ್ತಿದ್ದರೋ ನನಗೆ ಗೊತ್ತಿದೆಯಲ್ಲ. ಗಟ್ಟಿಯಾಗಿ ಹೇಳುತ್ತ ಹೋದೆ: "ಹಂಪ್. ಹಸು. ಸಿಗ್ನಲ್." ಫಾಫಡಾ ಅಂಗಡಿಯ ಹತ್ತಿರ ಜೋರಾದೆ. ಹಿಂದೆ ಯಾವನೋ ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ಹೆದರಿ ಇನ್ನೂ ಜೋರಾದೆ.

ಮನೆ ಮುಂದೆ ನಿಲ್ಲಿಸಿ ಮಗಳಿಗೆ ಫೋನ್ ಮಾಡಿದೆ. "ಪೂರ್ತಿ ಒಬ್ಬಳೇ ಬಂದೆ ಕಣೇ!"

ಅಷ್ಟರಲ್ಲಿ ಬೂದು ಹೆಲ್ಮೆಟ್ಟಿನ ಸ್ಕೂಟರು ಬಂದು ನಿಂತಿತು. ಕಾಕಾ ಏದುಸಿರು ಬಿಡುತ್ತ, ನಾನು ಅವರ ಮನೆಯ ಕುರ್ಚಿಯ ಮೇಲೆ ಮರೆತ ಪುಸ್ತಕದ ಚೀಲ ಚಾಚಿದರು. "ಬೆನ್, ನಿಮ್ಮ ಸ್ಕೂಟರಿಗೆ ಕನ್ನಡಿ ಇಲ್ವಾ?"

ಇದೆ. ಹಿಂದೆ ನೋಡುವ ಅಗತ್ಯವೇ ಬಾರದ್ದರಿಂದ, ಹತ್ತೊಂಬತ್ತು ವರ್ಷ ಅದನ್ನು ಹಣೆಯ ಕುಂಕುಮ ನೋಡಿಕೊಳ್ಳಲು ನನ್ನ ಕಡೆಗೇ ತಿರುಗಿಸಿಟ್ಟಿದ್ದೆ.