ನನ್ನ ಕುರ್ಚಿಗೆ ಬಂದ ಅತಿಥಿ

ಹಗಲುಗನಸು ಕಾಣುವವರಿಗೆ ಸಾಮಾನ್ಯವಾಗಿ ಅಪ್ಸರೆಯರೋ ಲಾಟರಿಯೋ ಗೋಚರಿಸುತ್ತವೆ. ನನಗೆ ಆ ದಿನಗಳಲ್ಲಿ ಕಣ್ಣು ಬಿಟ್ಟುಕೊಂಡೇ ಕಾಣುತ್ತಿದ್ದವನು ಒಬ್ಬ ಅಮೆರಿಕನ್ ಗಂಡಸು. ಅವನನ್ನು ನಾನು ನೋಡಿರಲಿಲ್ಲ. ಅಂಥವನೊಬ್ಬ ಇದ್ದಾನೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಇಲ್ಲದೇ ಹೋಗಲಿ ಎಂದು ಬ್ರಿಡ್ಜ್‌ವಾಟರಿನ ಗುಡಿಯಲ್ಲಿ ವೆಂಕಟರಮಣನಿಗೆ ಹರಕೆ ಮಾತ್ರ ಹೊತ್ತಿದ್ದೆ.

ವಿಷಯ ಇಷ್ಟೇ. ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನ ಒಂದು ಔಷಧಿ ಕಂಪನಿಯಲ್ಲಿ ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ರಿಪೇರಿ ಮಾಡಿಕೊಂಡಿದ್ದ ನನಗೆ ಗ್ರೀನ್ ಕಾರ್ಡ್ ಕೊಡಿಸಲು ಕಂಪನಿ ಒಪ್ಪಿತ್ತು. ಆದರೆ ಅದಕ್ಕೆ ಮೊದಲು, ಈ ಕೆಲಸಕ್ಕೆ ಯೋಗ್ಯನಾದ ಅಮೆರಿಕನ್ ಯಾರೂ ಸಿಗಲಿಲ್ಲ ಎಂಬುದು ಸರ್ಕಾರಕ್ಕೆ ಖಾತ್ರಿಯಾಗಬೇಕಿತ್ತು. ಲೇಬರ್ ಸರ್ಟಿಫಿಕೇಷನ್ ಎಂದು ಅದರ ಹೆಸರು. ಹಾಗಾಗಿ ನಾನು ದಿನವೂ ಕೂತು ಮಾಡುತ್ತಿದ್ದ ಕೆಲಸ ಖಾಲಿ ಇದೆ ಎಂದು ಭಾನುವಾರದ ಪೇಪರಿನಲ್ಲಿ ಜಾಹೀರಾತು ಬಂತು. ಸುಖವಾಗಿ ಸಂಸಾರ ಮಾಡಿಕೊಂಡಿರುವವನು ತನ್ನ ಹೆಂಡತಿಗೆ ವರ ಬೇಕಾಗಿದ್ದಾನೆ ಎಂದು ಓದಿದ ಹಾಗಾಯಿತು ನನಗೆ. ಯೋಗ್ಯನೊಬ್ಬ ಬಂದು ಒಪ್ಪಿಕೊಂಡರೆ ನನ್ನ ಗ್ರೀನ್ ಕಾರ್ಡಿನ ಕಥೆ ಅಲ್ಲಿಗೇ ಮುಗಿಯಿತು.

ನನಗಿಂತ ಹೆಚ್ಚಾಗಿ ಆ ಕಾರ್ಡು ಬೇಕಾಗಿದ್ದದ್ದು ನನ್ನ ಹೆಂಡತಿ ವಿಮಲೆಗೆ. ಮೈಸೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದವಳು ಇಲ್ಲಿ ನನ್ನ ವೀಸಾದ ಬಾಲವಾಗಿ, ಕೆಲಸ ಮಾಡುವ ಹಕ್ಕಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದಳು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಲ್ಯಾಬಿನ ಸೀಸೆಗಳಂತೆ ಚೀಟಿ ಅಂಟಿಸಿದ್ದಳು. ಇಂಗಿನ ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ‘ಎಚ್ಚರಿಕೆ’ ಎಂದಿತ್ತು. ನೋಡಿದಾಗಲೆಲ್ಲ ನಗು ಬರುತ್ತಿತ್ತು, ಹಿಂದೆಯೇ ಸಂಕಟವೂ ಆಗುತ್ತಿತ್ತು.

ಜಾಹೀರಾತು ಬಂದ ಮೇಲೆ ನಾನು ನೆಲದ ಮೇಲೆ ಇರುವುದೇ ಕಡಿಮೆಯಾಯಿತು. ಪರದೆಯ ಹಸಿರು ಅಕ್ಷರಗಳನ್ನು ನೋಡುತ್ತ ಕೂತರೆ ಅವು ಮೆಲ್ಲಗೆ ಕರಗಿ ಹಡ್ಸನ್ ನದಿಯಾಗುತ್ತಿದ್ದವು. ಬೆಳಗಿನ ಮಂಜಿನಲ್ಲಿ ಈಚೆ ದಡದ ಹೋಬೋಕನ್ ಕಡೆಗೆ ಜನರನ್ನು ದಾಟಿಸುವ ಫೆರಿಯೊಂದು ಸದ್ದಿಲ್ಲದೆ ತೇಲಿ ಬರುತ್ತಿತ್ತು. ಅದರ ಕಂಬಿಗೊರಗಿ ಅವನು ನಿಂತಿರುತ್ತಿದ್ದ. ಬೂದು ಬಣ್ಣದ ಕೋಟು, ಕಂಕುಳಲ್ಲಿ ಭಾನುವಾರದ ಪೇಪರು. ಬ್ರಿಡ್ಜ್‌ವಾಟರಿಗೆ ಯಾರೂ ಫೆರಿಯಲ್ಲಿ ಬರುವುದಿಲ್ಲ, ಕಾರಿಲ್ಲದೆ ಅಲ್ಲಿ ಹಾಲು ತರಲೂ ಆಗುವುದಿಲ್ಲ ಎಂಬ ಅಂಶ ನನ್ನ ಕನಸಿಗೆ ಅಡ್ಡಿಯಾಗಲಿಲ್ಲ. ಬರಬರುತ್ತ ಅವನಿಗೊಂದು ಸಂಸಾರ, ಒಂದು ಮುದಿ ನಾಯಿ, ಸ್ವಲ್ಪ ಮಂಡಿನೋವು ಕೂಡ ಕೊಟ್ಟೆ. ನಿಜ ಹೇಳಬೇಕೆಂದರೆ ಅವನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು.

“ರೀ, ಸಾರು ಬಡಿಸಿ ಎಷ್ಟು ಹೊತ್ತಾಯ್ತು. ಎಲ್ಲಿದೀರಾ?” ಎಂದಳು ವಿಮಲೆ ಒಂದು ದಿನ.

“ಫೆರೀಲಿ,” ಎಂದೆ.

ಕೊನೆಗೆ ಅವನು ಬಂದೇ ಬಂದ. ಇಂಟರ್‌ವ್ಯೂ ನಡೆಯುವ ಕಡೆ ಸುಳಿಯಲೇಬೇಡ ಎಂದು ಕಂಪನಿಯ ಲಾಯರು ಹೇಳಿದ್ದರಿಂದ ನಾನು ಆಫೀಸಿನ ಊಟದ ಕೋಣೆಯಲ್ಲಿ ಅವಿತು ಕೂತಿದ್ದೆ. ದಾರಿ ತಪ್ಪಿ ಅವನು ಅಲ್ಲಿಗೇ ಬರಬೇಕೇ! ಫ್ರ್ಯಾಂಕ್ ಎಂದು ಹೆಸರು, ತಲೆ ನರೆತಿತ್ತು. ಅವನಿದ್ದ ಕಂಪನಿ ಮುಚ್ಚಿಹೋಗಿತ್ತಂತೆ. ಕೈಯಲ್ಲಿ ನನ್ನದೇ ಜಾಹೀರಾತಿನ ತುಂಡು. ಇಂಟರ್‌ವ್ಯೂಗೆ ಇನ್ನೂ ಅರ್ಧ ಗಂಟೆಯಿದೆ ಎಂದು ಎದುರಿಗೆ ಕೂತ. ಎದ್ದು ಓಡಬೇಕಾಗಿದ್ದ ನಾನು, ಬಂದವರನ್ನು ಹಾಗೇ ಕೂರಿಸುವುದು ಹೇಗೆಂದು ಡಬ್ಬಿಯ ಚಿತ್ರಾನ್ನವನ್ನು ಅವನ ಮುಂದಿಟ್ಟೆ.

“ಬಹಳ ರುಚಿಯಾಗಿದೆ,” ಎಂದ.

“ಏನು ರುಚಿ ಬಿಡಿ, ಉಪ್ಪು ಕಮ್ಮಿ,” ಎಂದೆ.

ನಮ್ಮ ಕಡೆಯವರ ರೂಢಿಯೇ ಹಾಗಲ್ಲವೇ? ಎಲೆ ತುಂಬ ಬಡಿಸಿ ‘ಏನೂ ಮಾಡೇ ಇಲ್ಲ’ ಎನ್ನುತ್ತೇವೆ. ಸೀರೆಯನ್ನು ಹೊಗಳಿದರೆ ‘ಅಯ್ಯೋ, ಹಳೇದು’ ಎನ್ನುತ್ತೇವೆ. ಕೇಳಿದವರು ‘ಛೆ ಛೆ, ಎಲ್ಲಾದರೂ ಉಂಟೇ’ ಎಂದು ಇನ್ನಷ್ಟು ಹೊಗಳಬೇಕು. ಇದು ಎರಡೂ ಕಡೆಯವರಿಗೆ ಗೊತ್ತಿರುವ ಒಪ್ಪಂದ. ಫ್ರ್ಯಾಂಕನಿಗೆ ಗೊತ್ತಿರಲಿಲ್ಲ.

“ಕೆಲಸ ಚೆನ್ನಾಗಿರಬೇಕು?” ಎಂದ, ನಾನೂ ಅದೇ ವಿಭಾಗದವನೆಂದು ತಿಳಿದು.

“ಎಂಥ ಚೆನ್ನ! ನನಗಿಂತ ವಯಸ್ಸಾದ ಪ್ರೋಗ್ರಾಮುಗಳು. ಇಲ್ಲಿ ಮುಟ್ಟಿದರೆ ಅಲ್ಲಿ ಕೆಮ್ಮುತ್ತವೆ.”

“ಬಾಸ್ ಒಳ್ಳೆಯವರಂತೆ?”

“ಒಳ್ಳೆಯವನೇ. ಭಾನುವಾರವೂ ಮರೆಯದೆ ಫೋನ್ ಮಾಡುತ್ತಾನೆ.”

“ಕೂರುವ ಜಾಗ?”

“ಏನೋ ಒಂದು ಇದೆ. ಕಿಟಕಿಯಿಲ್ಲ. ಹೀಟರು ಕೆಲಸ ಮಾಡುವುದು ಮೇ ತಿಂಗಳಲ್ಲಿ ಮಾತ್ರ.”

ಪ್ರತಿ ಮಾತಿಗೂ ಅವನು ‘ಛೆ ಛೆ’ ಎನ್ನುತ್ತಾನೆಂದು ಕಾದೆ. ಅವನು ಗಂಭೀರವಾಗಿ ತಲೆಯಾಡಿಸುತ್ತ ಹೋದ. ಚಿತ್ರಾನ್ನ ಮುಗಿಸಿ, ಎರಡೂ ಕೈಗಳಿಂದ ನನ್ನ ಕೈ ಹಿಡಿದು, “ದೇವರು ನಿಮಗೆ ಒಳ್ಳೆಯದು ಮಾಡಲಿ,” ಎಂದವನು ಇಂಟರ್‌ವ್ಯೂ ಕೋಣೆಯ ಕಡೆ ತಿರುಗಿಯೂ ನೋಡದೆ ಪಾರ್ಕಿಂಗ್ ಲಾಟಿಗೆ ನಡೆದುಬಿಟ್ಟ. ‘ನಿಲ್ಲಿ, ನಾನು ಹೇಳಿದ್ದು ಹಾಗಲ್ಲ’ ಎಂದು ಹಿಂದೆ ಓಡಬೇಕೆನ್ನಿಸಿತು. ಬಾಗಿಲವರೆಗೆ ಹೋದೆ ಕೂಡ. ವಿಮಲೆಯ ನೆನಪಾಗಿ ಕಾಲು ನಿಂತಿತು. ಅವನ ಕಾರು ಕಣ್ಮರೆಯಾಗುವವರೆಗೂ ನಿಂತಿದ್ದೆ. ಮನಸ್ಸಿಗೆ ತುಂಬ ಕಸಿವಿಸಿಯಾಯಿತು.

ಬೇರೆ ಯಾರೂ ಬರಲಿಲ್ಲ. ಸರ್ಟಿಫಿಕೇಷನ್ ಆಯಿತು. ನನ್ನಂಥ ಯೋಗ್ಯ ಮತ್ತೊಬ್ಬನಿಲ್ಲವೆಂದು ಅಮೆರಿಕ ಸರ್ಕಾರವೇ ಒಪ್ಪಿದೆ ಎಂದು ಸಿಕ್ಕವರ ಮುಂದೆಲ್ಲ ಮೀಸೆ ತಿರುವಿದೆ. ಬಹಳ ಕಾಲ ಕಾದ ಮೇಲೆ ಗ್ರೀನ್ ಕಾರ್ಡೂ ಬಂತು. ವಿಮಲೆಗೆ ಹೈಸ್ಕೂಲೊಂದರಲ್ಲಿ ಕೆಮಿಸ್ಟ್ರಿ ಹೇಳುವ ಕೆಲಸ ಸಿಕ್ಕಿತು. ಮೊದಲ ದಿನ ಪಾಠ ಮಾಡಿ ಬಂದವಳ ಮುಖ ಬೆಳಗುತ್ತಿತ್ತು. ಆ ಸಂತೋಷದಲ್ಲಿ, ಅದುವರೆಗೆ ಬಾಯಿ ಬಿಡದಿದ್ದ ಫ್ರ್ಯಾಂಕನ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ಅಲ್ಲಾರೀ, ನೀವು ಅವನಿಗೆ ಹೇಳಿದ್ರಲ್ಲಿ ಸುಳ್ಳು ಯಾವ್ದು?” ಎಂದಳು.

ಅನ್ನ ಕಲಸುತ್ತ ಹೀಟರು, ಕಿಟಕಿ, ಭಾನುವಾರದ ಫೋನು ಎಲ್ಲವನ್ನೂ ಲೆಕ್ಕ ಹಾಕಿದೆ. ಸುಳ್ಳು ಒಂದೂ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಹಾಡು ಗುನುಗುತ್ತ ತನ್ನ ಕೆಲಸಕ್ಕೆ ಹೊರಟಳು. ನಾನೂ ಹೊರಟೆ, ಇಡೀ ಅಮೆರಿಕದಲ್ಲಿ ಇನ್ನೊಬ್ಬರಿಗೆ ಬೇಡವಾದದ್ದೆಂದು ಸರ್ಕಾರವೇ ಸರ್ಟಿಫಿಕೇಟು ಕೊಟ್ಟ ಕೆಲಸಕ್ಕೆ.