ಚೊಂಬಿನ ಮೇಲಿನ ಹೆಸರು

ನಮ್ಮ ಕಡೆಯ ಯಾವ ಮನೆಗೆ ಬೇಕಾದರೂ ಹೋಗಿ, ನೀರು ಕೊಟ್ಟ ಲೋಟವನ್ನು ಸ್ವಲ್ಪ ತಿರುಗಿಸಿ ನೋಡಿ. ಅದರ ಮೇಲೆ ಯಾರದಾದರೂ ಒಂದು ಹೆಸರು ಇದ್ದೇ ಇರುತ್ತದೆ. ಆ ಹೆಸರು ನೀರು ಕೊಟ್ಟವರದ್ದೇ ಆಗಿರುವುದು ಮಾತ್ರ ಬಹಳ ಅಪರೂಪ. ಮದುವೆಗೆ ಉಡುಗೊರೆ ಕೊಟ್ಟ ಮಾವ, ಗೃಹಪ್ರವೇಶಕ್ಕೆ ಬಂದು ಉಂಡು ಹೋದ ದೂರದ ನೆಂಟ, ಇಲ್ಲವೇ ಈಗ ಯಾರೊಂದಿಗೂ ಮಾತಿಲ್ಲದ ಒಬ್ಬ ದಾಯಾದಿ, ಹೀಗೆ ಎಲ್ಲರೂ ಅಡುಗೆಮನೆಯ ಕಪಾಟಿನಲ್ಲಿ ಒಬ್ಬರ ಮೇಲೊಬ್ಬರು ಕೂತಿರುತ್ತಾರೆ. ನಾನು ಹುಟ್ಟಿದ್ದು ನಿಟ್ಟೂರಿನ ಹತ್ತಿರ. ಅಲ್ಲಿ ನಾನು ಉಣ್ಣುತ್ತಿದ್ದ ತಟ್ಟೆಯ ನಡುವೆ 'ಮಂಜಪ್ಪಯ್ಯ, ಹುಂಚ' ಎಂದು ಕೆತ್ತಿತ್ತು. ಈ ಮಂಜಪ್ಪಯ್ಯ ಯಾರೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾವುದೋ ಮದುವೆಮನೆಯಲ್ಲಿ ತಟ್ಟೆ ಅದಲುಬದಲಾಗಿ ಬಂದುಬಿಟ್ಟಿತ್ತಂತೆ. ಅನ್ನ ಸಾರು ಮುಗಿಯುತ್ತ ಬಂದಂತೆ ಮಂಜಪ್ಪಯ್ಯ ಒಂದೊಂದೇ ಅಕ್ಷರವಾಗಿ ಮೇಲೆದ್ದು ಬರುತ್ತಿದ್ದರು. ನನಗೆ ಅಕ್ಷರ ಕಲಿಸಿದವರು ಶಾಲೆಯ ಮೇಷ್ಟ್ರಲ್ಲ, ಅವರೇ ಎಂದರೂ ತಪ್ಪಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಮೊಮ್ಮಕ್ಕಳಿಗೆ ಕಥೆ ಹೇಳುವ ಈ ವಯಸ್ಸಿನಲ್ಲಿ ನಾನು ಒಂದು ಆಸೆಯನ್ನು ಒಪ್ಪಿಕೊಳ್ಳಬೇಕಾಗಿದೆ. ನನ್ನ ಹೆಸರಿರುವ ಒಂದು ಪಾತ್ರೆ ನನಗೆ ಬೇಕಿತ್ತು. ಚಿನ್ನ ಬೇಡ, ಸೀರೆ ಬೇಡ, ಕಾಶಿಯಾತ್ರೆಯನ್ನೂ ನಾನು ಕೇಳಿದವಳಲ್ಲ. 'ಅಷ್ಟೇ ತಾನೆ, ಅಂಗಡಿಗೆ ಹೋಗಿ ಒಂದು ಪಾತ್ರೆ ಕೊಂಡು ಹೆಸರು ಹಾಕಿಸಿಕೊಂಡರಾಯಿತು' ಎಂದು ನೀವು ಹೇಳಬಹುದು. ಹಾಗೆ ಮಾಡಬಹುದಿತ್ತು, ನಿಜ. ಆದರೆ ತನ್ನ ದುಡ್ಡಿನಲ್ಲಿ ತಾನೇ ಪಾತ್ರೆ ಕೊಂಡು, ತನ್ನ ಹೆಸರನ್ನು ತಾನೇ ಕೆತ್ತಿಸಿಕೊಂಡು, ಅದರಲ್ಲಿ ತಾನೇ ನೀರು ಕುಡಿಯುವುದು ಎಂದರೆ ಕನ್ನಡಿಯ ಮುಂದೆ ನಿಂತು ತನಗೆ ತಾನೇ ಕೈ ಮುಗಿದಂತೆ. ಅದು ಗೆದ್ದದ್ದಾಗಿರಬೇಕು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದು ಶಾರದಾ ಪೂಜೆಯ ಚೊಂಬೇ ಆಗಿರಬೇಕು.

ನಮ್ಮ ಶಾಲೆಯಲ್ಲಿ ನವರಾತ್ರಿಗೆ ಶಾರದಾ ಪೂಜೆ ನಡೆಯುತ್ತಿತ್ತು. ಆ ದಿನ ಹೆಣ್ಣುಮಕ್ಕಳಿಗೆ ದಂಡೆ ಕಟ್ಟುವ ಸ್ಪರ್ಧೆ. ದಂಡೆ ಎಂದರೆ ಸೂಜಿಯಲ್ಲಿ ಪೋಣಿಸಿದ ಹಾರವಲ್ಲ. ನೆನೆಸಿದ ಬಾಳೆನಾರಿನಲ್ಲಿ ಹೂವನ್ನು ಒತ್ತೊತ್ತಾಗಿ ಹೆಣೆದು ಕಟ್ಟಿದ್ದು. ಯಾರ ದಂಡೆ ಹೆಚ್ಚು ಉದ್ದವೋ ಅವರಿಗೆ ಒಂದು ಸ್ಟೀಲ್ ಚೊಂಬು. ಬರೀ ಚೊಂಬಲ್ಲ, ಸಾಗರದಿಂದ ಬಂದ ಒಬ್ಬರು ಶಾಲೆಯ ಜಗಲಿಯ ಮೇಲೆ ಕೂತು, ಉಳಿ ಸುತ್ತಿಗೆ ಹಿಡಿದು, ಎಲ್ಲರ ಕಣ್ಣೆದುರು ಗೆದ್ದವಳ ಹೆಸರನ್ನು ಚುಕ್ಕಿಚುಕ್ಕಿಯಾಗಿ ಅದರ ಮೇಲೆ ಕೆತ್ತಿಕೊಡುತ್ತಿದ್ದರು. ನನ್ನ ಹೆಸರು ವಿಶಾಲಾಕ್ಷಿ. ಇಷ್ಟುದ್ದದ ಹೆಸರು ಚೊಂಬಿನ ಹೊಟ್ಟೆಯ ಮೇಲೆ ಹಿಡಿಸುತ್ತದೋ ಇಲ್ಲವೋ, ಕೊನೆಯ ಅಕ್ಷರದ ಒತ್ತಿಗೆ ಜಾಗ ಸಾಲದೆ ಅವರು ಬರೀ 'ವಿಶಾಲ' ಎಂದು ಬಿಟ್ಟರೆ ಏನು ಗತಿ ಎಂದು ನಾನು ಸ್ಪರ್ಧೆಗೆ ಮೊದಲೇ ಚಿಂತೆ ಮಾಡುತ್ತಿದ್ದೆ.

ಚಿಂತೆ ಮಾಡಬೇಕಾಗಿದ್ದದ್ದು ಚಂದ್ರಾವತಿಯ ಬಗ್ಗೆ. ಅವಳು ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ. ಅವಳ ಅಪ್ಪ ಗದ್ದೆ ಬೇಸಾಯ ಮಾಡುತ್ತಿದ್ದರು. ಅವರ ಮನೆಯಲ್ಲಿ ಆಗ ಮಣ್ಣಿನ ಗಡಿಗೆ, ಅಲ್ಯೂಮಿನಿಯಂ ತಟ್ಟೆ ಬಿಟ್ಟರೆ ಹೆಸರು ಕೆತ್ತುವಂಥ ಪಾತ್ರೆಯೇ ಇರಲಿಲ್ಲ. "ನಿಮ್ಮನೇಲಿ ಬೇರೇರ ಹೆಸರಾದ್ರೂ ಐತಲ್ಲೇ" ಎಂದು ಅವಳು ಒಮ್ಮೆ ಅಂದಿದ್ದಳು. ನಾವು ಏಳನೆಯ ತರಗತಿಯಲ್ಲಿದ್ದಾಗ, ಅಂದರೆ ಆ ಶಾಲೆಯ ಕೊನೆಯ ವರ್ಷ, ಉಳಿದವರೆಲ್ಲ ಹಿಂದೆ ಬಿದ್ದು ಕೊನೆಗೆ ನಾವಿಬ್ಬರೇ ಉಳಿದೆವು. ಹೂವನ್ನು ಮೊಳದಲ್ಲಿ ಅಳೆಯುವುದು ನಮ್ಮ ಪದ್ಧತಿ. ನನ್ನ ದಂಡೆಯನ್ನು ಅಳೆದದ್ದು ಎತ್ತರದ ಹೆಡ್ಮೇಷ್ಟ್ರು, ಅವಳದ್ದನ್ನು ಅಳೆದದ್ದು ಗಿಡ್ಡಗಿದ್ದ ಹೊಲಿಗೆ ಟೀಚರು. ಮೊಳದ ಲೆಕ್ಕದಲ್ಲಿ ಅವಳದ್ದು ಹೆಚ್ಚು, ಪಕ್ಕಪಕ್ಕ ಇಟ್ಟರೆ ನನ್ನದು ಹೆಚ್ಚು! ನಾನು ಅತ್ತೆ, ಅವಳು ಕೂಗಿದಳು. ಆಮೇಲೆ ನಾನೂ ಕೂಗಿದೆ, ಅವಳೂ ಅತ್ತಳು. ಹಿಡಿದು ಎಳೆದಾಡುವಾಗ ಎರಡು ದಂಡೆಯೂ ಹರಿದವು. "ಇಬ್ಬರಿಗೂ ಇಲ್ಲ" ಎಂದು ಹೆಡ್ಮೇಷ್ಟ್ರು ಚೊಂಬನ್ನು ದೇವಸ್ಥಾನಕ್ಕೆ ಕೊಟ್ಟುಬಿಟ್ಟರು. ಅದರ ಮೇಲೆ ದೇವರ ಹೆಸರು ಕೆತ್ತುವುದನ್ನು ನಾವಿಬ್ಬರೂ ಮೂಗು ಒರೆಸಿಕೊಳ್ಳುತ್ತ ನಿಂತು ನೋಡಿದೆವು. ಎಲ್ಲವೂ ಇರುವ ದೇವರು ಇಬ್ಬರು ಹುಡುಗಿಯರ ಚೊಂಬಿಗೆ ಕೈ ಹಾಕಬೇಕಿತ್ತೇ ಎಂದು ನನಗೆ ಬಹಳ ದಿನ ಸಿಟ್ಟಿತ್ತು.

ಆ ಆಸೆ ಕಾಲ ಕಳೆದಂತೆ ತಣ್ಣಗಾಗಬೇಕಿತ್ತು, ಆಗಿಯೂ ಇತ್ತು. ಅದು ಮತ್ತೆ ಎದ್ದದ್ದು ಅಮ್ಮ ಹೋದ ಮೇಲೆ. ದಿನಕರ್ಮವೆಲ್ಲ ಮುಗಿದು, ಅಕ್ಕತಂಗಿಯರು ಕೂತು ಅಮ್ಮನ ನೆನಪಿಗೆ ಒಂದೊಂದು ಪಾತ್ರೆ ತೆಗೆದುಕೊಳ್ಳೋಣ ಎಂದುಕೊಂಡೆವು. ಅಮ್ಮನ ಹೆಸರಿರುವುದನ್ನು ದೊಡ್ಡಕ್ಕ ಇಟ್ಟುಕೊಳ್ಳಲಿ ಎಂದಾಯಿತು. ಅಟ್ಟದಿಂದ ಎಲ್ಲವನ್ನೂ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಕಿಗೆ ಹಿಡಿದು ಓದಿದೆವು. ಅಜ್ಜನ ಹೆಸರಿತ್ತು, ಅಪ್ಪನ ಹೆಸರಿತ್ತು, ಚಿಕ್ಕಪ್ಪಂದಿರದ್ದೂ ಇತ್ತು, ಮಂಜಪ್ಪಯ್ಯನವರಂತೂ ಇದ್ದೇ ಇದ್ದರು. ಜೀವಮಾನವೆಲ್ಲ ಆ ಪಾತ್ರೆಗಳನ್ನು ತಿಕ್ಕಿ ತೊಳೆದು ಬೋರಲು ಹಾಕಿದವಳ ಹೆಸರು ಒಂದು ಸೌಟಿನ ಮೇಲೂ ಇರಲಿಲ್ಲ. ದೊಡ್ಡಕ್ಕ ಅಮ್ಮ ದಿನಾ ಹಿಡಿಯುತ್ತಿದ್ದ ಒಂದು ಹಳೆಯ ಸೌಟನ್ನು ಸೆರಗಿನಲ್ಲಿ ಒರೆಸಿ ಎತ್ತಿಟ್ಟುಕೊಂಡಳು. ನನಗೆ ಆ ಹೊತ್ತು ಆದ ಸಂಕಟ ಈಗಲೂ ಹಾಗೇ ಇದೆ.

ಹೀಗಿರುವಾಗ ಈ ಸಲದ ಗಣೇಶ ಹಬ್ಬಕ್ಕೆ ಸಾಗರದ ನಮ್ಮ ಬಡಾವಣೆಯ ಗಣಪತಿ ಸಮಿತಿಯವರು ಒಂದು ಬೋರ್ಡು ಹಾಕಿದರು. ಮಹಿಳೆಯರಿಗೆ ದಂಡೆ ಕಟ್ಟುವ ಸ್ಪರ್ಧೆ, ಪ್ರಥಮ ಬಹುಮಾನ ಸ್ಟೀಲ್ ಚೊಂಬು, ಸ್ಥಳದಲ್ಲೇ ಹೆಸರು ಹಾಕಿಕೊಡಲಾಗುವುದು. ತರಕಾರಿ ಚೀಲ ಹಿಡಿದುಕೊಂಡು ನಾನು ಅದನ್ನು ಮತ್ತೆ ಮತ್ತೆ ಓದಿದೆ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮನೇಲಿ ಚೊಂಬು ಇಲ್ಯನೇ?" ಎಂದರು. ಇದೆ ಎಂದೆ. "ಮತ್ತೆ ಎಂತಕ್ಕೆ?" ಎಂದರು. ಅದಕ್ಕೆ ಉತ್ತರ ಹೇಳಬೇಕೆಂದರೆ ಮೇಲೆ ಬರೆದದ್ದನ್ನೆಲ್ಲ ಹೇಳಬೇಕಿತ್ತು. ಒಲೆಯ ಮೇಲೆ ಹಾಲು ಇತ್ತು, ಒಳಗೆ ಹೋದೆ.

ಸಂಜೆ ಹೂವಿನ ಅಂಗಡಿಗೆ ಹೋದರೆ ಅಲ್ಲಿ ಚಂದ್ರಾವತಿ! ಹೌದು, ಅದೇ ಚಂದ್ರಾವತಿ. ಮದುವೆಯಾಗಿ ಎಲ್ಲೆಲ್ಲೋ ಇದ್ದು ಈಗ ನಮ್ಮ ಪಕ್ಕದ ಬೀದಿಯಲ್ಲೇ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ನನ್ನ ರವಿಕೆಗಳೆಲ್ಲ ಅವಳದೇ ಹೊಲಿಗೆ. ಅವಳ ಕೈಯಲ್ಲಿ ಒಂದು ಬುಟ್ಟಿ ಬಿಡಿಹೂವು.

"ಎಂತಕ್ಕೇ ಇಷ್ಟೊಂದು ಹೂವು?" ಎಂದೆ.

"ದೇವ್ರಿಗೆ ಮಾರಾಯ್ತಿ. ನಿಂಗೆ?"

"ನಂಗೂ ದೇವರಿಗೇ."

"ಸ್ಪರ್ಧೆಗೆ ಸೇರ್ತೀಯೇನೇ?"

"ಅಯ್ಯೋ, ನಂಗೆಲ್ಲಿ ಪುರಸೊತ್ತು. ನೀನು?"

"ನಂಗೂ ಅಂಗ್ಡಿ ಕೆಲ್ಸನೇ ಹರಿಯಲ್ಲ" ಎಂದಳು. ಇಬ್ಬರೂ ನಕ್ಕು, ಇಬ್ಬರೂ ಮನೆಗೆ ಹೋಗಿ, ಬೆರಳ ತುದಿ ಹಸಿರಾಗುವವರೆಗೆ ಕಟ್ಟಿ ಕಟ್ಟಿ ಬಿಚ್ಚಿದೆವು. ದೇವರಿಗೆ ಆ ವಾರ ಎರಡೂ ಮನೆಯಲ್ಲಿ ಹೂವಿನ ಮಳೆ. ಹಳೆಯ ಚೊಂಬಿನ ಸಿಟ್ಟು ನಮಗೆ ಇಳಿಯಿತೆಂದು ಅವನು ತಿಳಿದಿರಬೇಕು.

ಸ್ಪರ್ಧೆಯ ದಿನ ಪೆಂಡಾಲಿನಲ್ಲಿ ನಾವಿಬ್ಬರೂ ಎದುರುಬದುರಾಗಿ ಕೂತೆವು. ಇಬ್ಬರಿಗೂ ಕನ್ನಡಕ, ಇಬ್ಬರಿಗೂ ಮಂಡಿನೋವು, ನೆಲಕ್ಕೆ ಕೂರುವಾಗ ಇಬ್ಬರ ಬಾಯಲ್ಲೂ ಒಂದೇ ದೇವರ ಹೆಸರು. ಆದರೆ ಹೂವು ಕೈಗೆ ಬಂದ ಮೇಲೆ ಪಕ್ಕದವರ ಮಾತು ಕಿವಿಗೆ ಬೀಳಲಿಲ್ಲ. ಅವಳ ಬೆರಳು ಮಿಷನ್ನಿನ ಹಾಗೆ ಓಡುತ್ತದೆ, ನನ್ನ ಕೈ ನಿಧಾನ, ಆದರೆ ಗಂಟು ಬಿಗಿ. ಸಮಯ ಮುಗಿದಾಗ ತೀರ್ಪುಗಾರರಾಗಿ ಬಂದಿದ್ದ ಹೆಂಗಸೊಬ್ಬರು ಮೊಳ ಹಾಕಲು ಕೈ ನೀಡಿದರು. ಚಂದ್ರಾವತಿ ಎದ್ದೇ ಬಿಟ್ಟಳು. "ಮೊಳ ಗಿಳ ಬ್ಯಾಡ. ಒಂದ್ಸಲ ಮೊಳದಲ್ಲೇ ಕಳ್ಕೊಂಡಿದ್ದು ಸಾಕು. ಟೇಪ್ ತಂದೀನಿ" ಎಂದು ಕುತ್ತಿಗೆಯಿಂದ ಟೇಪು ತೆಗೆದುಕೊಟ್ಟಳು. ಅಂದರೆ ಅವಳೂ ಮರೆತಿರಲಿಲ್ಲ. ನನಗೆ ಅವಳ ಮೇಲೆ ಒಮ್ಮೆಲೇ ಬಹಳ ಪ್ರೀತಿ ಬಂತು, ಗೆಲ್ಲಬೇಕೆಂಬ ಹಟ ಮಾತ್ರ ಇಳಿಯಲಿಲ್ಲ. ಅಳೆಯುವ ಮೊದಲು ದಂಡೆಯನ್ನು ಕೊಡವಿ ನೋಡುವುದು ಕ್ರಮ. ನನ್ನದರಿಂದ ಒಂದು ಹೂವೂ ಬೀಳಲಿಲ್ಲ. ಅವಳದರಿಂದ ಒಂದು ಕಡೆ ನಾಲ್ಕಾರು ಹೂವು ಉದುರಿ, ಅಷ್ಟು ಉದ್ದ ಲೆಕ್ಕದಿಂದ ಹೋಯಿತು. ಅವಳ ಟೇಪಿನಲ್ಲೇ ನಾನು ಒಂದು ಬೆರಳಗಲ ಗೆದ್ದೆ.

ಚಂದ್ರಾವತಿ ಉದುರಿದ ಹೂವನ್ನು ಒಂದೊಂದಾಗಿ ಆರಿಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹೋಗೇ, ಹೆಸ್ರು ಹಾಕಿಸ್ಕ. ನೋಡಣ" ಎಂದಳು.

ಪೆಂಡಾಲಿನ ಮೂಲೆಯಲ್ಲಿ ಪಾತ್ರೆ ಅಂಗಡಿಯವರು ಕೂತಿದ್ದರು. ಈಗ ಉಳಿ ಸುತ್ತಿಗೆ ಇಲ್ಲ, ಟುರ್ರೆನ್ನುವ ಒಂದು ಸಣ್ಣ ಮಿಷನ್ನು. ಹೊಸ ಚೊಂಬು ದೀಪದ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ನನಗೆ ಅಮ್ಮ ನೆನಪಾದಳು, ಕಣ್ಣು ಮಂಜಾಯಿತು. ಅಂಗಡಿಯವರು ತಲೆ ಎತ್ತದೆ ರೂಢಿಯಂತೆ ಕೇಳಿದರು, "ಏನಂತ ಹಾಕ್ಲಿ ಅಮ್ಮಾ?"

ನಾನೂ ರೂಢಿಯಂತೆ ಹೇಳಿದೆ, "ಜಿ. ಎಸ್. ಭಟ್, ಸಾಗರ."

ದೇವರಾಣೆಗೂ ಬೇಕೆಂದು ಹೇಳಿದ್ದಲ್ಲ. ಮದುವೆ, ಉಪನಯನ, ಗೃಹಪ್ರವೇಶ ಎಂದು ಎಷ್ಟು ಪಾತ್ರೆ ಕೊಂಡು ಎಷ್ಟು ಮನೆಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಯಜಮಾನರು ಪಾತ್ರೆ ಅಂಗಡಿ ಮೆಟ್ಟಿಲು ಹತ್ತುವವರಲ್ಲ. ಆರಿಸುವವಳು ನಾನು, ಹೊತ್ತು ತರುವವಳು ನಾನು, ಅಂಗಡಿಯವರು ಆ ಪ್ರಶ್ನೆ ಕೇಳಿದಾಗ ಆ ಉತ್ತರ ಕೊಡುವವಳೂ ನಾನೇ. ಪ್ರಶ್ನೆ ಕಿವಿಗೆ ಬಿದ್ದದ್ದೇ ಬಾಯಿ ತನ್ನ ಕೆಲಸ ಮುಗಿಸಿತ್ತು. ಮಿಷನ್ನಿನ ಸದ್ದಿನಲ್ಲಿ ನನಗೆ ನಾನು ಏನು ಹೇಳಿದೆನೆಂದು ಹೊಳೆದದ್ದು ಅವರು 'ಸಾಗರ'ದ ಕೊನೆಯ ಅಕ್ಷರ ಮುಗಿಸಿ, ಊದಿ, ಒರೆಸಿ ಕೈಗೆ ಕೊಟ್ಟಾಗ.

ನನಗಿಂತ ಮೊದಲು ಓದಿದವಳು ಚಂದ್ರಾವತಿ. ಅವಳು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಕನ್ನಡಕ ತೆಗೆದು ನನ್ನ ಮುಖ ನೋಡಿದಳು.

"ಹಂಗಾರೆ ನಾನು ಸೋತಿದ್ದು ನಿನ್ ಗಂಡನ ಹತ್ರನೇನೇ?"

ಇಬ್ಬರೂ ಪೆಂಡಾಲಿನ ಕಂಬ ಹಿಡಿದುಕೊಂಡು ನಕ್ಕೆವು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವಳ ನಗು ಮೊದಲು ನಿಂತಿತು. ನನ್ನ ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಕೆಳಗೆ ಜಾಗ ಇದೆ, ಇನ್ನೊಂದು ಹೆಸರು ಹಾಕಬಹುದು ಎಂದು ಅಂಗಡಿಯವರು ಹೇಳಿದರು. ಬೇಡ ಎಂದೆ. ಉಳಿದ ಜಾಗದಲ್ಲಿ ಹಿಡಿಸುವ ಹೆಸರು ನನಗೆ ಬೇಕಿರಲಿಲ್ಲ.

ಮನೆಗೆ ಬಂದು ಚೊಂಬನ್ನು ಮೇಜಿನ ಮೇಲಿಟ್ಟೆ. ಯಜಮಾನರು ಪೇಪರು ಮಡಚಿ, ಅದನ್ನು ಕೈಗೆತ್ತಿಕೊಂಡು, ದೂರ ಹಿಡಿದು ಓದಿದರು. ಮುಖ ಅರಳಿತು. "ಅಕ್ಷರ ಚೊಲೋ ಇದ್ದು. ನಂಗೆ ಎಂತಕ್ಕೆ ಬಹುಮಾನ?" ಎಂದರು.

ನಾನು ಚೊಂಬನ್ನು ಅವರ ಕೈಯಿಂದ ತೆಗೆದುಕೊಂಡೆ.

"ನೀವು ಹೂವು ಚೊಲೋ ಕಟ್ಟಿದ್ದಕ್ಕೆ" ಎಂದೆ.